ಗಟ್ಟಿ ಆಯುಸ್ಸಿನ ಹುಡುಗಿ

ಪುಟ್ಟಣ್ಣಯ್ಯನವರಿಗೆ ಕೆಮ್ಮು ಶುರುವಾದ ವಾರವೇ ಊರಿನ ದೊಡ್ಡವರು ಸೇರಿ ಹೊಸ ಹೆರಿಗೆ ಆಸ್ಪತ್ರೆ ಕಟ್ಟಿಸಬೇಕೆಂದು ತೀರ್ಮಾನಿಸಿದರು. ಹಳೆಯ ಆಸ್ಪತ್ರೆಯ ನಕ್ಷೆ ಬರೆದವರು ಪುಟ್ಟಣ್ಣಯ್ಯನವರೇ. ನಮ್ಮೂರಿನಲ್ಲಿ ಒಂದು ಕಟ್ಟಡ ನಿಲ್ಲುವುದು ಅದನ್ನು ಬರೆದ ಆರ್ಕಿಟೆಕ್ಟ್ ಉಸಿರಾಡುತ್ತಿರುವವರೆಗೆ ಮಾತ್ರ. ಅವರು ಕಣ್ಣು ಮುಚ್ಚಿದರೆ, ಅನ್ನಕ್ಕಿಟ್ಟ ಎಸರು ಕುದಿಯುವಷ್ಟು ಹೊತ್ತಿನಲ್ಲಿ ಗೋಡೆ ಬಿರುಕು ಬಿಟ್ಟು ಸೂರು ಕೆಳಗೆ ಬರುತ್ತದೆ. ಬೇರೆ ಊರುಗಳಲ್ಲಿ ಹೀಗಿಲ್ಲವಂತೆ. ನಾವು ಹುಟ್ಟಿದಾಗಿನಿಂದ ಹೀಗೆಯೇ ನೋಡಿಕೊಂಡು ಬಂದವರು. ಸಣ್ಣಪುಟ್ಟ ಮನೆಗಳನ್ನು ಜನ ತಾವೇ ಗೀಚಿಕೊಂಡು ಕಟ್ಟಿಕೊಳ್ಳುತ್ತಾರೆ, ಹೋಗುವಾಗ ಮನೆಯನ್ನೂ ತಮ್ಮ ಜೊತೆಗೇ ಕರೆದುಕೊಂಡು ಹೋಗುತ್ತಾರೆ, ಮಕ್ಕಳು ಬೇರೆ ಕಡೆ ಪಾಯ ತೆಗೆಯುತ್ತಾರೆ. ಅದರಲ್ಲಿ ಯಾರಿಗೂ ಬೇಸರವಿಲ್ಲ. ಆದರೆ ಆಸ್ಪತ್ರೆಯ ಮಾತು ಬೇರೆ. ಗಟ್ಟಿಮುಟ್ಟಾಗಿರುವವರು ಎದ್ದು ಓಡಬಹುದು. ಆಗಷ್ಟೇ ಹೆತ್ತವಳು ಎಲ್ಲಿಗೆ ಓಡುತ್ತಾಳೆ?

ನಾನು ಆ ಆಸ್ಪತ್ರೆಯ ದೊಡ್ಡ ನರ್ಸು. ವಾರಿಜ ಅಂತ ಹೆಸರು, ಊರಿಗೆಲ್ಲ ವಾರಿಜಕ್ಕ. ಆರ್ಕಿಟೆಕ್ಟನ್ನು ಆರಿಸುವುದಕ್ಕೆ ಮೂವರ ಕಮಿಟಿ ಮಾಡಿದರು. ಜವಳಿ ಅಂಗಡಿಯ ತೋಟಪ್ಪನವರು ಅಧ್ಯಕ್ಷರು, ನಮ್ಮ ಡಾಕ್ಟರು ಉಮಾಪತಿ ಒಬ್ಬರು, ಮತ್ತೆ ನಾನು. ಹೆಂಗಸರ ವಿಷಯ, ಒಬ್ಬ ಹೆಂಗಸು ಇರಲಿ ಅಂತ ನನ್ನನ್ನು ಕೂರಿಸಿದ್ದು.

ಮೊದಲು ಬಂದವರು ರೇವಣಸಿದ್ಧಯ್ಯನವರು. ಊರಿನ ಲೈಬ್ರರಿ ಅವರದೇ. ಒಳಗೆ ಕಾಲಿಟ್ಟರೆ ಮನಸ್ಸು ತಣ್ಣಗಾಗುತ್ತದೆ. ಅವರು ತಂದ ನಕ್ಷೆಯನ್ನು ನೋಡಿ ನನಗೆ ಅಲ್ಲೇ ಕೆಲಸಕ್ಕೆ ಸೇರಿಬಿಡೋಣ ಅನ್ನಿಸಿತು. ಆದರೆ ಡಾಕ್ಟರು ನಕ್ಷೆಯನ್ನು ನೋಡಲೇ ಇಲ್ಲ. ಬಂದವರ ಪಾದ ನೋಡಿದರು, ನಾಲಿಗೆ ನೋಡಿದರು, ಸಕ್ಕರೆ ಕಾಯಿಲೆ ಎಷ್ಟು ವರ್ಷದಿಂದ ಅಂತ ಕೇಳಿದರು. ರೇವಣಸಿದ್ಧಯ್ಯನವರು ನಕ್ಕು ನಕ್ಷೆ ಸುತ್ತಿಕೊಂಡರು. "ಗೊತ್ತಿತ್ತು ಡಾಕ್ಟ್ರೇ. ಆದ್ರೂ ಒಂದ್ಸಲ ತೋರ್ಸೋಣ ಅಂತ ಬಂದೆ," ಅಂದರು. ಎರಡನೆಯವನು ಕುಬೇರಪ್ಪ ಅಂತ, ಗರಡಿಯಲ್ಲಿ ಸಾಮು ಮಾಡಿದ ಮೈ. ಅವನ ಅಪ್ಪ, ತಾತ ಎಲ್ಲ ತೊಂಬತ್ತು ದಾಟಿದವರು. ಅವನು ಬರೆದ ಆಸ್ಪತ್ರೆಯಲ್ಲಿ ವಾರ್ಡಿಗೆ ಕಿಟಕಿಯೇ ಇರಲಿಲ್ಲ. "ಗಾಳಿ ಯಾವ ಕಡೆಯಿಂದ ಬರುತ್ತೆ?" ಅಂತ ಕೇಳಿದೆ. "ಫ್ಯಾನ್ ಹಾಕ್ಸಿ," ಅಂದ. ತೋಟಪ್ಪನವರು ಹೆಚ್ಚುಕಡಿಮೆ ಅವನಿಗೇ ಹೂಂ ಅಂದುಬಿಟ್ಟಿದ್ದರು.

ಆಗ ಬಂದವಳು ಹೈಮವತಿ. ಓದು ಮುಗಿಸಿ ಬಂದು ಇನ್ನೂ ಒಂದು ಗೋಡೆಯನ್ನೂ ಎಬ್ಬಿಸಿರದ ಹುಡುಗಿ. ಅರ್ಜಿ ಹಾಕುವುದಕ್ಕೆ ಮೊದಲೇ ಅವಳು ನಮ್ಮ ಹಳೆಯ ಆಸ್ಪತ್ರೆಗೆ ಬಂದು, ಯಾರಿಗೂ ತೊಂದರೆ ಕೊಡದೆ ಒಂದು ಮೂಲೆಯಲ್ಲಿ ಕುಳಿತು ನೋಡುತ್ತಿದ್ದುದನ್ನು ನಾನು ಕಂಡಿದ್ದೆ. "ಏನಮ್ಮ ನೋಡ್ತಿದ್ದೀಯ?" ಅಂದರೆ, "ನೋವು ಬಂದವರು ಎಲ್ಲಿ ಓಡಾಡ್ತಾರೆ ಅಂತ ನೋಡ್ತಿದ್ದೀನಿ ಅಕ್ಕ. ಅವರಿಗೆ ಜಾಗವೇ ಇಲ್ವಲ್ಲ, ಬಕೆಟ್ಟು ದಾಟ್ಕೊಂಡು ಓಡಾಡ್ತಾರೆ," ಅಂದಳು. ಇಷ್ಟು ವರ್ಷ ಆ ಬಕೆಟ್ಟುಗಳನ್ನು ದಾಟಿಕೊಂಡು ನಾನೂ ಓಡಾಡಿದ್ದೆ, ಒಂದು ಸಲವೂ ಹಾಗೆ ಅನ್ನಿಸಿರಲಿಲ್ಲ. ಅವಳ ನಕ್ಷೆಯಲ್ಲಿ ವಾರ್ಡನ್ನು ಸುತ್ತಿಕೊಂಡು ಅಗಲವಾದ ಜಗಲಿಯಿತ್ತು, ಸೊಂಟದ ಎತ್ತರಕ್ಕೆ ಹಿಡಿದುಕೊಳ್ಳಲು ಮರದ ಕಟಕಟೆಯಿತ್ತು. ಬಾಣಂತಿಯರ ಮಂಚದಿಂದ ಮರ ಕಾಣುತ್ತಿತ್ತು, ಬಾಗಿಲಲ್ಲಿ ನಿಂತ ಗಂಡಸರಿಗೆ ಮಂಚ ಕಾಣುತ್ತಿರಲಿಲ್ಲ.

ಅವಳ ಜೊತೆ ಅವಳ ಅಜ್ಜಿ ಬಂದಿದ್ದರು. ಕಮಿಟಿಯ ಮುಂದೆ ಮನೆಯ ಹಿರಿಯರನ್ನು ಕರೆತರುವುದು ಪದ್ಧತಿ. ಅಜ್ಜಿಗೆ ಸೊಂಟ ಬಾಗಿರಲಿಲ್ಲ. ತೋಟಪ್ಪನವರು ಕೊಟ್ಟ ಚಕ್ಕುಲಿಯನ್ನು ಕಟಕಟನೆ ಕಡಿದು ತಿಂದರು. "ನಿಮ್ಮ ಕಡೆ ಯಾರಾದ್ರೂ ಚಿಕ್ಕ ವಯಸ್ಸಲ್ಲಿ ಹೋಗಿದ್ದುಂಟಾ ಅಜ್ಜಿ?" ಅಂತ ತೋಟಪ್ಪನವರು ಕೇಳಿದರು. "ನಮ್ಮಲ್ಲಿ ಸಾವು ಅಂದ್ರೆ ಮನೆಗೆ ಬಂದೂ ಬಂದೂ ಬೇಜಾರಾಗಿ ವಾಪಸ್ ಹೋಗೋದು ಕಣಪ್ಪ," ಅಂದರು ಅಜ್ಜಿ. ಎಲ್ಲರೂ ನಕ್ಕೆವು. ಡಾಕ್ಟರು ಹೈಮಾಳ ಎದೆ ಬಡಿತ ಕೇಳಿದರು, ಕಣ್ಣಿನ ರೆಪ್ಪೆ ಬಿಡಿಸಿ ನೋಡಿದರು, ಅಂಗಳದಲ್ಲಿ ಓಡಿಸಿ ಮತ್ತೆ ಬಡಿತ ಕೇಳಿದರು. ಸಂತೆಯಲ್ಲಿ ಹಸು ನೋಡುವ ಹಾಗಿತ್ತು. ಆದರೆ ಅವಳು ಸೆರಗು ಬಿಗಿದುಕೊಂಡು ನಗುತ್ತಲೇ ಓಡಿದಳು. ಆ ಕೆಲಸ ಅವಳಿಗೆ ಅಷ್ಟು ಬೇಕಾಗಿತ್ತು.

ಅವರಿಬ್ಬರೂ ಹೊರಗೆ ಹೋದ ಮೇಲೆ ಡಾಕ್ಟರು ಕನ್ನಡಕ ಒರೆಸುತ್ತಾ ಹೇಳಿದರು: "ಎಲ್ಲಾ ಸರಿ. ಹೆಣ್ಣುಮಗಳು, ನಾಳೆ ಮದುವೆ, ಬಸಿರು. ಹೆರಿಗೇಲಿ ಜೀವ ಹೋದ್ರೆ ಸೂರು ಎಲ್ಲರ ಮೇಲೆ, ಅದಕ್ಕೆ ತಾನು ಬರೆದ ಕಟ್ಟಡದಲ್ಲಿ ತಾನೇ ಮಲಗೋ ಹಾಗಿಲ್ಲ. ಊರಿಗೆ ಇರೋದು ಇದೊಂದೇ ಹೆರಿಗೆ ಆಸ್ಪತ್ರೆ."

"ಅವರಜ್ಜಿ ಒಂಬತ್ತು ಹೆತ್ತಿದಾರಂತೆ. ಎಲ್ಲಾ ಮನೇಲೇ," ಅಂದರು ತೋಟಪ್ಪನವರು.

ನಾನು ಹೈಮಾಳನ್ನು ಒಳಗೆ ಕರೆಸಿ ಇದನ್ನು ಅವಳ ಮುಂದೆಯೇ ಹೇಳಿಸಿದೆ. ಅವಳ ಬದುಕಿನ ಮಾತು, ಅವಳ ಕಿವಿಗೂ ಬೀಳಲಿ ಅಂತ. ಅವಳು ಒಂದು ಗಳಿಗೆಯೂ ಯೋಚಿಸಲಿಲ್ಲ. "ಆಗ ನೋಡ್ಕೊಂಡ್ರಾಯ್ತು ಬಿಡಿ ಅಕ್ಕ. ನೀವಿರ್ತೀರಲ್ಲ," ಅಂದಳು. ಆ ವಯಸ್ಸಿನಲ್ಲಿ ಯಾರಾದರೂ ಹಾಗೆಯೇ ಅನ್ನುತ್ತಿದ್ದರು. ಆಯ್ಕೆ ಮುಗಿಯಿತು. ಅಷ್ಟು ಸರಿಯಾದ ಆರ್ಕಿಟೆಕ್ಟ್ ನಮ್ಮೂರಿಗೆ ಯಾವತ್ತೂ ಸಿಕ್ಕಿರಲಿಲ್ಲ: ಕೈಯಲ್ಲಿ ವಿದ್ಯೆ, ಮೈಯಲ್ಲಿ ಆಯುಸ್ಸು. ಈ ಮಾತನ್ನು ನಾನು ಇವತ್ತೂ ತೆಗೆದುಹಾಕಲಾರೆ.

ಪುಟ್ಟಣ್ಣಯ್ಯನವರು ಹೊಸ ಕಟ್ಟಡದ ಸುಣ್ಣ ಒಣಗುವವರೆಗೆ ಜೀವ ಹಿಡಿದುಕೊಂಡಿದ್ದರು. ಮಂಚಗಳನ್ನೆಲ್ಲ ಸಾಗಿಸಿದ ಮೇಲೆ ತೋಟಪ್ಪನವರು ಹೋಗಿ, "ಎಲ್ಲಾ ಆಯ್ತು ಅಯ್ಯನವ್ರೇ," ಅಂತ ಕಿವಿಯಲ್ಲಿ ಹೇಳಿದರಂತೆ. ಅವರು ಕೈ ಮುಗಿದು ಗೋಡೆ ಕಡೆ ತಿರುಗಿ ಮಲಗಿದರು. ಮಾರನೆಯ ದಿನ ಹಳೆಯ ಆಸ್ಪತ್ರೆ ಬಿದ್ದಿತು. ಒಳಗೆ ಬೆಕ್ಕೂ ಇರಲಿಲ್ಲ.

ಹೈಮಾಳ ಆಸ್ಪತ್ರೆಯನ್ನು ಏನೆಂದು ಹೇಳಲಿ! ಬೇರೆ ಕಡೆ ಹೆಂಗಸರು ಹೆರಿಗೆಗೆ ಹೆದರಿಕೊಂಡು ಬರುತ್ತಾರೆ. ಇಲ್ಲಿ ಅವರು ಆ ಜಗಲಿಯಲ್ಲಿ ಕಟಕಟೆ ಹಿಡಿದು ನಿಂತು, ನೋವು ಬಂದಾಗ ಬಾಗಿ, ಹೋದಾಗ ಮರ ನೋಡುತ್ತಾ ತಮ್ಮತಮ್ಮಲ್ಲೇ ಹರಟೆ ಹೊಡೆಯುತ್ತಿದ್ದರು. ಹುಟ್ಟಿದ ಹೆಣ್ಣುಮಕ್ಕಳಲ್ಲಿ ಎಷ್ಟೋ ಮಕ್ಕಳಿಗೆ ಅವಳ ಹೆಸರನ್ನೇ ಇಟ್ಟರು.

ಆದರೆ ಅವಳು ಅಲ್ಲಿಂದಾಚೆಗೆ ಊರಿನ ಸೊತ್ತಾದಳು. ಸೈಕಲ್ ಹೊಡೆಯುತ್ತಿದ್ದಳು, ಯಾರೋ ಮನೆಗೆ ಬಂದು ಬಹಳ ಮರ್ಯಾದೆಯಿಂದ ಅದನ್ನು ಕೇಳಿ ತೆಗೆದುಕೊಂಡು ಹೋದರು. ಈಜುವುದಕ್ಕೆ ಕೆರೆಗೆ ಇಳಿದರೆ ದಡದಲ್ಲಿ ನಾಲ್ಕು ಜನ ಪಂಚೆ ಕಟ್ಟಿಕೊಂಡು ಕಾಯುತ್ತಾ ನಿಂತಿರುತ್ತಿದ್ದರು. ಒಂದು ಸಲ ಸೀನಿದ್ದಕ್ಕೆ ಮೂರು ಮನೆಯಿಂದ ಕಷಾಯ ಬಂತು. "ಅಕ್ಕ, ನಾನೊಂದು ಮೊಟ್ಟೆ ಆಗ್ಬಿಟ್ಟೆ," ಅಂತ ಅವಳು ನನ್ನ ಹತ್ತಿರ ನಗುತ್ತಿದ್ದಳು. ಆಸ್ಪತ್ರೆಗೆ ಬಾಗಿಲು ಕಿಟಕಿ ಮಾಡಿಕೊಟ್ಟ ವಿರೂಪಾಕ್ಷ ಎಂಬ ಬಡಗಿಯನ್ನು ಮದುವೆಯಾದಳು. ಮೆತ್ತಗಿನ ಮನುಷ್ಯ, ಮಾತು ಕಡಿಮೆ. ಅವರ ಮನೆ ಅವನು ಗೀಚಿದ್ದು. "ನನಗೇನಾದ್ರೂ ಆದ್ರೆ ಇವಳು ಬೀದಿಗೆ ಬೀಳ್ತಾಳೆ, ಇವಳಿಗೆ ಏನಾದ್ರೂ ಆದ್ರೆ ಊರೇ ಬೀಳುತ್ತೆ," ಅನ್ನುತ್ತಿದ್ದ ತಮಾಷೆಗೆ.

ಅವಳು ಬಸುರಿಯಾದಾಗ ಊರಿನಲ್ಲಿ ಯಾರೂ ಕೆಟ್ಟ ಮಾತಾಡಲಿಲ್ಲ. ಬರೀ ಸುಮ್ಮನಾದರು. ಒಂದು ಸಂಜೆ ತೋಟಪ್ಪನವರು ನನ್ನ ಮನೆಗೆ ಬಂದು, ಕಾಫಿ ಕುಡಿದು, ಲೋಟವನ್ನು ಕೈಯಲ್ಲೇ ತಿರುಗಿಸುತ್ತಾ ಕುಳಿತರು. "ನಿಮ್ಮ ಮಾತು ಅವಳು ಕೇಳ್ತಾಳೆ ವಾರಿಜಮ್ಮ. ಇನ್ನೂ ಮೂರನೇ ತಿಂಗಳು ತಾನೇ?" ಅಂದರು.

"ಆ ಮಾತು ನಾನಾಡಲ್ಲ. ನೀವೂ ಆಡ್ಬೇಡಿ," ಅಂದೆ.

"ನನಗೂ ಮೊಮ್ಮಕ್ಕಳಿದಾರಮ್ಮ. ಸಂತೋಷದಿಂದ ಕೇಳ್ತಿದ್ದೀನಾ?" ಅಂದರು. ಅವರ ಕಿರಿ ಮಗಳು ಆಗ ನಮ್ಮ ವಾರ್ಡಿನಲ್ಲೇ ಮಲಗಿದ್ದಳು.

ತಿಂಗಳುಗಳು ತುಂಬಿದವು. ಹೈಮಾ ದಪ್ಪಗಾದಳು, ಕೆಂಪಗಾದಳು, ಹುಣಸೆಕಾಯಿ ತಿಂದಳು. ಒಂದು ದಿನ ನನ್ನ ಕೈ ಹಿಡಿದು, "ಅಲ್ಲ ಅಕ್ಕ, ಆ ಜಗಲಿ ಬರೆಯೋವಾಗ ನಾನೇ ಅಲ್ಲಿ ಓಡಾಡ್ತಿರೋ ಹಾಗೆ ಅಂದ್ಕೊಂಡು ಬರೆದಿದ್ದು. ಊರಿಗೆಲ್ಲ ಉಂಟು, ನನಗೇ ಇಲ್ಲ ನೋಡಿ," ಅಂದಳು. ಹೊಟ್ಟೆ ಮುಟ್ಟಿ ನೋಡಿದೆ. ಮಗು ಚೆನ್ನಾಗಿ ಒದೆಯುತ್ತಿತ್ತು.

ನೋವು ಬಂದದ್ದು ಬೆಳಗ್ಗೆ. ನಾನು ಅವರ ಮನೆಯಲ್ಲೇ ಇದ್ದೆ. ಮೊದಮೊದಲು ಎಲ್ಲ ಸರಿಯಾಗಿತ್ತು, ಅಜ್ಜಿ ಬಿಸಿನೀರು ಕಾಯಿಸುತ್ತಾ ಹಾಡು ಗುನುಗುತ್ತಿದ್ದರು. ಬಿಸಿಲೇರುವ ಹೊತ್ತಿಗೆ ನೀರು ಒಡೆಯಿತು. ಕೈಯಿಟ್ಟು ನೋಡಿದರೆ ತಲೆ ಇರಬೇಕಾದ ಜಾಗದಲ್ಲಿ ಭುಜ ಸಿಕ್ಕಿತು. ಮಗು ಅಡ್ಡ ತಿರುಗಿಬಿಟ್ಟಿತ್ತು. ನನಗೆ ಗೊತ್ತಿದ್ದ ವಿದ್ಯೆಯೆಲ್ಲ ಮಾಡಿದೆ, ತಿರುಗಲಿಲ್ಲ. ಹೊಟ್ಟೆ ಕುಯ್ಯದೆ ಬೇರೆ ದಾರಿಯಿರಲಿಲ್ಲ. ಕುಯ್ಯುವ ಕೋಣೆ, ದೀಪ, ಆಮ್ಲಜನಕ, ಎಲ್ಲ ಇದ್ದದ್ದು ಅವಳು ಬರೆದ ಆ ಆಸ್ಪತ್ರೆಯಲ್ಲಿ ಮಾತ್ರ.

ವಿರೂಪಾಕ್ಷ ಮರ ಸಾಗಿಸುವ ವ್ಯಾನನ್ನೇ ತಂದ. ಹಾಸಿಗೆ ಹಾಕಿ ಅವಳನ್ನು ಮಲಗಿಸಿಕೊಂಡು ಹೊರಟೆವು. ಆಸ್ಪತ್ರೆಯ ಗೇಟಿನ ಹತ್ತಿರ ಹೋಗುವಷ್ಟರಲ್ಲಿ ಸುದ್ದಿ ನಮಗಿಂತ ಮುಂಚೆ ಅಲ್ಲಿಗೆ ಮುಟ್ಟಿತ್ತು. ಡಾಕ್ಟರು ಉಮಾಪತಿ ಗೇಟಿನಲ್ಲೇ ನಿಂತಿದ್ದರು.

"ಮಾಡ್ತೀನಿ. ಮಾಡಲ್ಲ ಅನ್ನಲ್ಲ," ಅಂದರು. "ಆದ್ರೆ ಒಳಗಿರೋ ಬಾಣಂತೀರು, ಮಕ್ಕಳು ಎಲ್ಲರೂ ಮೊದಲು ಹೊರಗೆ ಬರ್ಲಿ. ಟೇಬಲ್ ಮೇಲೆ ಇವಳಿಗೆ ಏನಾದ್ರೂ ಆದ್ರೆ ಅಷ್ಟೂ ಜನ ಸೂರಿನ ಕೆಳಗೆ ಸಿಗ್ತಾರೆ. ಅಷ್ಟು ಜೀವ ತಲೆಯಲ್ಲಿಟ್ಕೊಂಡು ನಾನು ಕತ್ತಿ ಹಿಡಿಯಲಾರೆ ವಾರಿಜಮ್ಮ."

ಅವರು ಹೇಳಿದ್ದರಲ್ಲಿ ತಪ್ಪೇನಿತ್ತು? ಎಲ್ಲರೂ ಓಡಾಡಿದರು. ಯಾರೂ ಬೇಕೆಂದು ತಡಮಾಡಲಿಲ್ಲ, ಅದನ್ನು ನಾನು ಹೇಳಲೇಬೇಕು. ಗಂಡಂದಿರು ಹೆಂಡಿರನ್ನು ಎತ್ತಿಕೊಂಡು ಬಂದರು. ಮುದುಕಿಯರು ಕೂಸುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಎದುರಿನ ಮರದ ನೆರಳಿಗೆ ಹೋದರು. ಹೊಲಿಗೆ ಹಾಕಿಸಿಕೊಂಡಿದ್ದವಳೊಬ್ಬಳು ಮೆಟ್ಟಿಲ ಮೇಲೆ ಕುಸಿದಳು, ಅವಳನ್ನು ಎತ್ತಬೇಕಾಯಿತು. ಅಷ್ಟು ಹೊತ್ತೂ ಹೈಮಾ ವ್ಯಾನಿನಲ್ಲಿ. ನಾನು ಅವಳ ಹೊಟ್ಟೆಯ ಮೇಲೆ ಕೊಳವೆ ಇಟ್ಟು ಮಗುವಿನ ಬಡಿತ ಕೇಳುತ್ತಿದ್ದೆ. ಓಡುವ ಕುದುರೆಯ ಹಾಗಿತ್ತು ಆಗ.

ಕೊನೆಗೆ ಒಳಗೆ ಉಳಿದವಳು ಚಂದ್ರಿ ಒಬ್ಬಳೇ. ಇಟ್ಟಿಗೆ ಗೂಡಿನಲ್ಲಿ ಕೆಲಸ ಮಾಡುವ ಹುಡುಗಿ. ದಿನ ತುಂಬುವ ಮೊದಲೇ ಹುಟ್ಟಿದ ಅವಳ ಕೂಸು ಗಾಜಿನ ಪೆಟ್ಟಿಗೆಯಲ್ಲಿತ್ತು. ಅಂಗೈಯಗಲದ ಜೀವ, ಪೆಟ್ಟಿಗೆಯ ಕಾವಿನಲ್ಲಿ, ಮೂಗಿನ ನಳಿಗೆಯ ಗಾಳಿಯಲ್ಲಿ ಬದುಕಿತ್ತು. ಹೊರಗೆ ತಂದರೆ ಉಳಿಯುವುದಿಲ್ಲವೆಂದು ಅವಳಿಗೆ ದಿನಾ ಹೇಳಿದ್ದವಳು ನಾನೇ. ನಾನು ಒಳಗೆ ಓಡಿಹೋದೆ. "ಚಂದ್ರಿ, ಕೂಸು ಪೆಟ್ಟಿಗೇಲೇ ಇರ್ಲಿ. ನಾನು ಪಕ್ಕದಲ್ಲೇ ನಿಂತಿರ್ತೀನಿ. ಏನಾದ್ರೂ ಆದ್ರೆ ಎತ್ಕೊಂಡು ಓಡ್ತೀನಿ. ನೀನು ಹೂಂ ಅನ್ನು, ಡಾಕ್ಟ್ರು ಶುರು ಮಾಡ್ತಾರೆ," ಅಂದೆ.

"ಎತ್ಕೊಂಡು ಓಡಿದ್ರೂ ಉಳಿಯಲ್ಲ ಅಂತ ನೀವೇ ಹೇಳಿದ್ದು ಅಕ್ಕ," ಅಂದಳು ಚಂದ್ರಿ. ಗಾಜಿನ ಮೇಲೆ ಎರಡೂ ಕೈ ಇಟ್ಟಿದ್ದಳು. ಅಳುತ್ತಿರಲಿಲ್ಲ.

ವಿರೂಪಾಕ್ಷ ನನ್ನ ಹಿಂದೆಯೇ ಬಂದಿದ್ದ. ಆ ಮೆತ್ತಗಿನ ಮನುಷ್ಯ ಪೆಟ್ಟಿಗೆಯನ್ನು ತಬ್ಬಿಕೊಂಡು ಎತ್ತಲು ನೋಡಿದ. ಚಂದ್ರಿ ಅವನ ತೋಳನ್ನು ಕಚ್ಚಿದಳು. ಗಂಡಸರು ಒಳಗೆ ನುಗ್ಗಿ ಅವನನ್ನು ಹಿಡಿದುಕೊಂಡರು. ಅವನನ್ನು ಹಿಡಿದವರಲ್ಲಿ ತೋಟಪ್ಪನವರೂ ಇದ್ದರು, ಹಿಡಿದುಕೊಂಡೇ ಅತ್ತರು. "ಅದೂ ಒಂದು ಮಗು ಕಣಯ್ಯ ವಿರೂಪಾಕ್ಷ, ಅದೂ ಒಂದು ಮಗು," ಅನ್ನುತ್ತಿದ್ದರು. ಡಾಕ್ಟರು ಬಾಗಿಲಲ್ಲಿ ನಿಂತು ತಮ್ಮ ಕೈ ನೋಡಿಕೊಂಡರು.

ಚಂದ್ರಿ ಹೊರಗೆ ಬಂದಳು. ವ್ಯಾನಿನ ಹತ್ತಿರ ಹೋಗಿ ಹೈಮಾಳನ್ನು ನೋಡಿ, "ಅಕ್ಕಾ, ನೀವೇ ಹೇಳಿ. ನೀವು ಹೇಳ್ದಂಗೆ ಮಾಡ್ತೀನಿ," ಅಂದಳು. ಆಮೇಲೆ ಊರಿನವರು ಈ ಕಥೆಯನ್ನು ಹೇಳುವಾಗ, ಹೈಮಾ ಅವಳ ತಲೆ ಸವರಿ, ನಿನ್ನ ಕೂಸು ಬದುಕಲಿ ತಾಯಿ ಅಂದಳು ಎನ್ನುತ್ತಾರೆ. ನಾನು ಅಲ್ಲೇ ಇದ್ದೆ. ಹೈಮಾ ಏನೂ ಹೇಳಲಿಲ್ಲ. ಅವಳಿಗೆ ಆ ಮಾತು ಕೇಳಿಸಿತೋ ಇಲ್ಲವೋ. ವ್ಯಾನಿನ ಸರಳು ಹಿಡಿದು, ಹಲ್ಲು ಕಚ್ಚಿ, ಕಣ್ಣು ಮೇಲೆ ಮಾಡಿಕೊಂಡಿದ್ದಳು. ಚಂದ್ರಿ ಸ್ವಲ್ಪ ಹೊತ್ತು ಕಾದು ಒಳಗೆ ಹೋದಳು.

ನಾನು ಮತ್ತೆ ಕೊಳವೆ ಇಟ್ಟೆ. ಬಡಿತ ನಿಧಾನವಾಗಿತ್ತು. ಮತ್ತೊಮ್ಮೆ ಇಟ್ಟಾಗ ಇನ್ನೂ ನಿಧಾನ. ಆಮೇಲೆ ಕೊಳವೆಯನ್ನು ಹೊಟ್ಟೆಯ ತುಂಬಾ ಸರಿಸಿ ಸರಿಸಿ ಹುಡುಕಿದೆ. ಹುಡುಕುವುದನ್ನು ಯಾವಾಗ ಬಿಟ್ಟೆನೋ ಗೊತ್ತಿಲ್ಲ. ಹೈಮಾ ನನ್ನ ಮುಖವನ್ನೇ ನೋಡುತ್ತಿದ್ದಳು.

ಇನ್ನು ಹೊಟ್ಟೆ ಕುಯ್ಯುವ ಅಗತ್ಯವಿರಲಿಲ್ಲ. ಗೇಟಿನ ಪಕ್ಕದ ಕಾವಲುಗಾರನ ಶೆಡ್ಡಿನಲ್ಲಿ ಮಲಗಿಸಿ ಡಾಕ್ಟರು ಮಾಡಬೇಕಾದ್ದನ್ನು ಮಾಡಿದರು. ಈಗ ಅವರ ಕೈ ನಡುಗಲಿಲ್ಲ. ಗಂಡು ಮಗು. ಅಜ್ಜಿ ಅದನ್ನು ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಯಾರ ಕೈಗೂ ಕೊಡದೆ ಕುಳಿತರು. ಹೊರಗೆ ಬಂದು ಡಾಕ್ಟರು, "ತಾಯಿಗೆ ಏನೂ ಅಪಾಯವಿಲ್ಲ," ಅಂದ ಕೂಡಲೇ ಮರದ ಕೆಳಗಿದ್ದ ಜನ ಉಸಿರು ಬಿಟ್ಟದ್ದು ಶೆಡ್ಡಿನ ಒಳಕ್ಕೂ ಕೇಳಿಸಿತು. ಬಾಣಂತಿಯರು ಒಬ್ಬೊಬ್ಬರಾಗಿ ಎದ್ದು ವಾರ್ಡಿಗೆ ವಾಪಸ್ಸು ಹೋದರು.

ಮೂರು ನಾಲ್ಕು ದಿನದ ಮೇಲೆ ತೋಟಪ್ಪನವರು ಹಣ್ಣಿನ ಬುಟ್ಟಿ ಹಿಡಿದುಕೊಂಡು ಅವರ ಮನೆಗೆ ಬಂದರು. ಏನು ಮಾತಾಡಬೇಕೋ ತಿಳಿಯದೆ, "ದೇವರು ದೊಡ್ಡವನು. ಸದ್ಯ, ಏನೂ ಆಗಲಿಲ್ಲ," ಅಂದುಬಿಟ್ಟರು.

"ಏನೂ ಆಗಲಿಲ್ಲ ಅಂದ್ರಾ?" ಅಂದ ವಿರೂಪಾಕ್ಷ. ಜೋರಾಗೇನೂ ಅನ್ನಲಿಲ್ಲ. ತೋಟಪ್ಪನವರು ಬುಟ್ಟಿಯನ್ನು ಹೊಸಿಲಲ್ಲಿಟ್ಟು ತಲೆ ತಗ್ಗಿಸಿ ಹೋದರು. ಆಮೇಲೆ ವಿರೂಪಾಕ್ಷ ಹೊರಗಿನ ಊರುಗಳ ಕೆಲಸಗಳನ್ನೇ ಒಪ್ಪಿಕೊಳ್ಳತೊಡಗಿದ. ಬರುತ್ತಾನೆ, ಒಂದೆರಡು ದಿನ ಇರುತ್ತಾನೆ, ಹೆಂಡತಿಯ ಎದುರು ಕೂರುತ್ತಾನೆ, ಹೋಗುತ್ತಾನೆ. ಚಂದ್ರಿಯ ಕೂಸು ಉಳಿಯಿತು. ಅದು ನಡೆಯಲು ಕಲಿತ ಮೇಲೆ ಒಂದು ಸಲ ಚಂದ್ರಿ ಅದನ್ನು ಕರೆದುಕೊಂಡು ಹೈಮಾಳ ಮನೆಯ ಬೀದಿಯ ತುದಿಯವರೆಗೆ ಬಂದು, ಅಲ್ಲಿಂದಲೇ ಹಿಂದಿರುಗಿದ್ದನ್ನು ನಾನು ನೋಡಿದೆ.

ಊರಿನಲ್ಲಿ ಹೈಮಾಳ ಬೆಲೆ ಮತ್ತೂ ಏರಿತು. ಅಂಥ ಹೆರಿಗೆಯನ್ನೂ ತಡೆದುಕೊಂಡ ಜೀವ ಅಂತ ಶಾಲೆಯವರು, ಅಕ್ಕಿ ಗಿರಣಿಯವರು ನಕ್ಷೆ ಬರೆಸಿಕೊಳ್ಳಲು ಸಾಲು ನಿಂತರು. "ನಮ್ಮ ಆಯ್ಕೆ ಸರಿಯಾಗಿತ್ತು ನೋಡಿ," ಅಂತ ಕಮಿಟಿಗೆ ಶಾಲು ಹೊದಿಸುವ ಮಾತೂ ಬಂತು, ನಾನು ಹೋಗಲಿಲ್ಲ. ಅವಳು ಯಾರಿಗೂ ಒಂದು ಗೆರೆಯನ್ನೂ ಎಳೆದುಕೊಡಲಿಲ್ಲ. ಸ್ನಾನ ಮಾಡಿಸಿದರೆ ಮಾಡುತ್ತಿದ್ದಳು, ಜಡೆ ಹಾಕಿದರೆ ಹಾಕಿಸಿಕೊಳ್ಳುತ್ತಿದ್ದಳು. ಒಂದು ಮಧ್ಯಾಹ್ನ ಒಬ್ಬಳೇ ಕೆರೆಯ ಕಡೆ ನಡೆದುಹೋದಳು. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಕೆಲಸ ಬಿಟ್ಟು, ಅವಳ ಎರಡೂ ಕೈ ಹಿಡಿದು, ಬನ್ನಿ ತಾಯಿ, ಬನ್ನಿ ಅಂತ ಮನೆಗೆ ಕರೆತಂದರು. ಅವತ್ತಿನಿಂದ ಅವಳನ್ನು ಒಬ್ಬಳನ್ನೇ ಬಿಡುವುದಿಲ್ಲ. ಬೀದಿಯವರು ಸರದಿಯಲ್ಲಿ ಕೂರುತ್ತಾರೆ. ಅಜ್ಜಿ ತೀರಿಕೊಂಡ ಮೇಲೆ, ನಾನೂ ಕೆಲಸದಿಂದ ನಿವೃತ್ತಳಾದ್ದರಿಂದ, ಮಧ್ಯಾಹ್ನದ ಊಟ ನನ್ನ ಪಾಲಿಗೆ ಬಂತು.

ಊಟಕ್ಕೆ ಕೂತಾಗ ಮಾತ್ರ ಅವಳು ಒಂದು ಮಾತಾಡುತ್ತಿದ್ದಳು. "ಇವತ್ತು ಆಸ್ಪತ್ರೇಲಿ ಯಾರಿದಾರೆ ಅಕ್ಕ?"

ನನಗೆ ಸಂತೋಷವಾಗುತ್ತಿತ್ತು. ಅಷ್ಟಾದರೂ ಆಸಕ್ತಿ ಉಳಿದಿದೆಯಲ್ಲ ಅಂತ. ಬರುವ ದಾರಿಯಲ್ಲಿ ಆಸ್ಪತ್ರೆಗೆ ಹೋಗಿ ವಿಚಾರಿಸಿಕೊಂಡೇ ಬರುತ್ತಿದ್ದೆ. ಕುಂಬಾರರ ಬೀದಿಯವಳಿಗೆ ಅವಳಿ ಮಕ್ಕಳು, ಪೋಸ್ಟ್ ಮಾಸ್ಟರ ಸೊಸೆಗೆ ಹೆಣ್ಣು, ಇನ್ನೊಬ್ಬಳು ನೋವು ತಿನ್ನುತ್ತಿದ್ದಾಳೆ ಅಂತ ಒಂದೊಂದಾಗಿ ಹೇಳುತ್ತಿದ್ದೆ. ಅವಳು ಕೊನೆಯವರೆಗೆ ಕೇಳಿ, ಆಮೇಲೆ ತಟ್ಟೆ ಹತ್ತಿರ ಎಳೆದುಕೊಂಡು ಅನ್ನ ಕಲಸುತ್ತಿದ್ದಳು.

ಹೋದ ಆಷಾಢದಲ್ಲಿ ಒಂದು ದಿನ ಎಂದೂ ಇಲ್ಲದ ಹಾಗೆ ವಾರ್ಡು ಪೂರ್ತಿ ಖಾಲಿಯಿತ್ತು. ಬೆಳಗ್ಗೆ ಕೊನೆಯವಳೂ ಮನೆಗೆ ಹೋಗಿದ್ದಳು. ಆಯಾಗಳು ಮಂಚಗಳನ್ನು ಜಗಲಿಗೆ ತಂದು ಬಿಸಿಲಿಗಿಟ್ಟು, ತಾವೂ ಮರದ ಕೆಳಗೆ ಕುಳಿತು ಎಲೆಯಡಿಕೆ ಹಾಕುತ್ತಿದ್ದರು. ಹೈಮಾ ಕೇಳಿದಾಗ ನಾನು ಇದನ್ನೇ ನಗುತ್ತಾ ಹೇಳಿದೆ. "ಇವತ್ತು ಒಂದು ನರಪಿಳ್ಳೆಯೂ ಇಲ್ಲ ಕಣೆ. ಆಯಾಗಳೂ ಹೊರಗೇ ಕೂತಿದಾರೆ. ನಿನ್ನ ಆಸ್ಪತ್ರೆ ನಿದ್ದೆ ಮಾಡ್ತಿದೆ."

ಅವಳು ತಲೆಯೆತ್ತಿ ನನ್ನನ್ನು ನೋಡಿದಳು. "ಯಾರೂ ಇಲ್ವಾ?"

"ಯಾರೂ ಇಲ್ಲ."

ಎಷ್ಟೋ ವರ್ಷಗಳ ಮೇಲೆ ಅವಳ ಮುಖದಲ್ಲಿ ಆ ಬೆಳಕು ಕಂಡೆ. ಅಂಗಳದಲ್ಲಿ ಸೆರಗು ಬಿಗಿದು ಓಡಿದವಳ ಮುಖ ಅದೇ. ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು. ಕೈ ತೊಳೆದಳು. "ಸ್ವಲ್ಪ ಹೊತ್ತು ಹೊರಗೆ ಹೋಗಿ ಕೂತ್ಕೋತೀರಾ ಅಕ್ಕ? ನೀವು ಯಾವಾಗ್ಲೂ ನನಗೆ ಒಳ್ಳೇದನ್ನೇ ಮಾಡಿದೀರಿ," ಅಂದಳು.

ಇಷ್ಟು ದಿನ ಅವಳು ಕೇಳುತ್ತಿದ್ದದ್ದು ಸೂರು ಬಿದ್ದರೂ ಕೆಳಗೆ ಯಾರೂ ಇರದ ದಿನಕ್ಕಾಗಿ ಅಂತ ಆಗ ಹೊಳೆಯಿತು. ಹೇಗೋ ನಕ್ಕೆ. "ಅಯ್ಯೋ, ನನ್ನ ಮರೆವಿಗಿಷ್ಟು," ಅಂದೆ. "ನಾನು ಹೊರಡೋ ಹೊತ್ತಿಗೇ ಒಬ್ಬಳು ಬಂದ್ಲು ಕಣೆ. ಗಾಡಿ ಹೊಡೆಯೋ ಈರಯ್ಯನ ಹೆಂಡ್ತಿ. ಚೊಚ್ಚಲು. ನೋವು ಜೋರಾಗಿದೆ, ಎದ್ದು ನಿಲ್ಲೋಕೂ ಆಗ್ತಿಲ್ಲ ಪಾಪ."

ಈರಯ್ಯನಿಗೆ ಮದುವೆಯೇ ಆಗಿಲ್ಲ. ಹೈಮಾ ನನ್ನ ಕಣ್ಣನ್ನೇ ನೋಡುತ್ತಾ ನಿಂತಿದ್ದಳು. ನಾನು ಕಣ್ಣು ತಪ್ಪಿಸಲಿಲ್ಲ. ಅವಳ ಮುಖದ ಬೆಳಕು ಆರುವುದನ್ನು ಪೂರ್ತಿ ನೋಡಿದೆ. ಆಮೇಲೆ ಅವಳು ಮತ್ತೆ ಬಂದು ಕುಳಿತಳು, ತಟ್ಟೆಯನ್ನು ಎಳೆದುಕೊಂಡಳು.

"ಸಾರು ಹಾಕಿ ಅಕ್ಕ," ಅಂದಳು.

ಹಾಕಿದೆ. ಅವಳು ಒಂದು ಅಗುಳೂ ಬಿಡದೆ ಉಂಡಳು. ಈಗ ನಾನು ಆಸ್ಪತ್ರೆಗೆ ಹೋಗಿ ವಿಚಾರಿಸುವುದನ್ನು ಬಿಟ್ಟಿದ್ದೇನೆ. ದಿನಾ ಬೆಳಗ್ಗೆ ಎದ್ದು, ಒಲೆ ಹಚ್ಚುವ ಮೊದಲೇ, ಇವತ್ತು ಆ ವಾರ್ಡಿನಲ್ಲಿ ಯಾರನ್ನು ಮಲಗಿಸಲಿ ಅಂತ ಯೋಚಿಸುತ್ತೇನೆ.